ಡ್ರೈವರ್ ಸೀಟು

ನಾಲ್ಕರಲ್ಲೂ ಮುಳ್ಳು ಪೂರ್ತಿ ಏರಲಿಲ್ಲ.

ಮೊದಲನೇ ಸಿಲಿಂಡರಿಗೆ ಗಾಳಿಯ ಒತ್ತಡ ಅಳೆಯುವ ಗೇಜು ತಿರುಗಿಸಿ ಕೂರಿಸಿದಾಗ ಇದೊಂದೇ ಇರಬೇಕು ಅಂದುಕೊಂಡ, ಗ್ಯಾರೇಜಿನಲ್ಲಿ ಎಲ್ಲರೂ ಗ್ರೀಸು ಅಂತ ಕರೆಯುವ ಮೆಕ್ಯಾನಿಕ್. ಎರಡನೆಯದರಲ್ಲೂ ಅದೇ ಕಥೆ. ಮೂರಕ್ಕೆ ಗೇಜನ್ನು ಬಿಚ್ಚಿ ಎರಡು ಸಲ ಕೂರಿಸಿ ನೋಡಿದ. ನಾಲ್ಕನೆಯದರ ಹಣೆಬರಹ ನೋಡುವ ಮೊದಲೇ ಗೊತ್ತಾಗಿತ್ತು. ಅವನೇ ಬಿಚ್ಚಿ, ಅವನೇ ತೊಳೆದು, ಅವನೇ ಜೋಡಿಸಿದ ಎಂಜಿನ್ನು ಅದು. ಜೋಡಿಸಿ ಇನ್ನೂ ವಾರ ಆಗಿರಲಿಲ್ಲ. ಗಾಳಿಯನ್ನು ಬಿಗಿಯಾಗಿ ಅದುಮಿ ಹಿಡಿಯಬೇಕಾದ ಪಿಸ್ಟನ್ನುಗಳು ಹಲ್ಲುದುರಿದ ಮುದುಕನ ಹಾಗೆ ಉಫ್ ಉಫ್ ಅನ್ನುತ್ತಿದ್ದವು.

"ಎಷ್ಟು ತೋರಿಸ್ತಿದೆಯೋ?" ಯಜಮಾನ ಕುರ್ಚಿಯಿಂದಲೇ ಕೇಳಿದ.

"ಕಮ್ಮಿ ಇದೆ ಯಜಮಾನ್ರೇ."

"ಯಾವುದ್ರಲ್ಲಿ?"

"ಎಲ್ಲಾದ್ರಲ್ಲೂ."

ಯಜಮಾನನ ಪಕ್ಕದ ಕುರ್ಚಿಯಲ್ಲಿ ಕಾರಿನ ಒಡೆಯ ಕುಳಿತಿದ್ದ. ರಸ್ತೆ ಕಟ್ಟಿಸುವ ಕಂಟ್ರಾಕ್ಟರ್. ಅವನು ಕಾಲ ಮೇಲೆ ಹಾಕಿದ್ದ ಕಾಲು ಕೆಳಗಿಳಿಸಿದ, ಅಷ್ಟೇ. ಯಜಮಾನನ ಮುಖ ಬಾಡಿಹೋಗಲು ಅಷ್ಟು ಸಾಕಾಗಿತ್ತು.

ಗ್ರೀಸು ಮೋರಿಯಾಚೆಯವನು. ಊರಿನ ಕೊಳಚೆಯೆಲ್ಲ ಹರಿಯುವ ದೊಡ್ಡ ಮೋರಿ ಇದೆಯಲ್ಲ, ಅದರ ಆಚೆ ದಂಡೆಯಲ್ಲಿ ಅವನ ಜನರ ಮನೆಗಳು. ಅವನಜ್ಜ ಆ ಮೋರಿಗೆ ಸೊಂಟದವರೆಗೆ ಇಳಿದು ಊರಿನ ಹೊಲಸು ಎತ್ತಿದವನು. ಅಜ್ಜ ಮೈ ತೊಳೆದುಕೊಂಡು ಸತ್ತು ಎಷ್ಟೋ ಕಾಲವಾಯಿತು. ಊರಿನವರು ಮಾತ್ರ ಇನ್ನೂ ಮೂಗು ತೊಳೆದುಕೊಂಡಿಲ್ಲ. ಮೋರಿಯಾಚೆಯವರು ಗ್ಯಾರೇಜು ಸಾಲಿಗೆ ಬಂದರು. ಕಾರಿನ ಅಡಿಯಲ್ಲಿ ಮಲಗಬಹುದು. ಬಾನೆಟ್ಟಿನೊಳಗೆ ತಲೆ ತೂರಿಸಬಹುದು. ಸುಡುವ ಎಣ್ಣೆ ಮುಖಕ್ಕೆ ಹಾರಿಸಿಕೊಳ್ಳಬಹುದು. ಆದರೆ ಕಾರಿನ ಬಾಗಿಲ ಹಿಡಿ ಮುಟ್ಟುವ ಹಾಗಿಲ್ಲ, ಸೀಟಿನ ಮೇಲೆ ಕೂರುವ ಹಾಗಿಲ್ಲ. ಬೋಲ್ಟು ಬಿಚ್ಚುವ ಪಾನಾ ಬೇಕೆಂದರೆ ಯಾರೂ ಕೈಗೆ ಕೊಡುವುದಿಲ್ಲ, ನೆಲಕ್ಕೆ ಹಾಕುತ್ತಾರೆ. ಎತ್ತಿಕೊಳ್ಳಬೇಕು. "ನನಗೇನಿಲ್ಲಪ್ಪಾ, ಗಿರಾಕಿಗಳು ಒಪ್ಪಲ್ಲ" ಅನ್ನುತ್ತಾನೆ ಯಜಮಾನ. ಅವನಿಗೇನಿಲ್ಲ, ಪಾಪ. ಪಾನಾ ನೆಲಕ್ಕೆ ಹಾಕುವಾಗಲೂ ಅವನಿಗೇನಿರುವುದಿಲ್ಲ.

ಹಾಗಾಗಿ ಕಾರಿನ ಒಳಗಿನ ಕೆಲಸವೆಲ್ಲ ಯಜಮಾನನ ಭಾಮೈದನದು. ಕೀಲಿ ತಿರುಗಿಸುವುದು, ಎಕ್ಸಲೇಟರ್ ತುಳಿಯುವುದು, ಕಾರನ್ನು ಹಿಂದೆ ಮುಂದೆ ಮಾಡುವುದು. ಅಕ್ಕನ ಗಂಡನ ಗ್ಯಾರೇಜು, ತಣ್ಣಗಿನ ಸೀಟು, ಕೈಯಲ್ಲಿ ಮೊಬೈಲು. ಅವನಿಗೆ ಬೋಲ್ಟಿಗೂ ನಟ್ಟಿಗೂ ವ್ಯತ್ಯಾಸ ಗೊತ್ತಿರಲಿಲ್ಲ ಅಂದರೆ ತಪ್ಪಾಗುತ್ತದೆ. ಗೊತ್ತಿತ್ತು. ಎರಡನ್ನೂ ಮುಟ್ಟುತ್ತಿರಲಿಲ್ಲ.

ಗ್ರೀಸಿನ ಅಪ್ಪನೂ ಇದೇ ಗ್ಯಾರೇಜಿನಲ್ಲಿ ದುಡಿದವನು. ಒಂದು ದಿನ ಕಾರಿನಡಿಯ ಗುಂಡಿಯೊಳಗೆ ನಿಂತು ಕೆಲಸ ಮಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕೂತ. ಅಂಗಳದಲ್ಲಿ ಓಡುವ ಕಾರುಗಳು ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಅಪ್ಪನೇ ಸರಿಮಾಡಿದ್ದ ಕಾರೂ ಒಂದಿತ್ತು. ಯಾರೂ ಬಾಗಿಲು ತೆಗೆಯಲಿಲ್ಲ. ಟೈರು ಸಾಗಿಸುವ ತಳ್ಳುಗಾಡಿ ತಂದು ಕೊಟ್ಟರು. ಅಪ್ಪನಿಗೆ ಬುತ್ತಿ ತಂದಿದ್ದ ಗ್ರೀಸು ಅದರಲ್ಲಿ ಅವನನ್ನು ಮಡಚಿ ಮಲಗಿಸಿಕೊಂಡು ಓಡಿದ. ಆಸ್ಪತ್ರೆ ದಾರಿಯ ಸೇತುವೆಯ ಹತ್ತಿರ ಅಪ್ಪನ ಕೈ ಪಕ್ಕಕ್ಕೆ ಜಾರಿ ಚಕ್ರಕ್ಕೆ ತಾಗಿತು. ಅಪ್ಪ ನೋವು ಅನ್ನಲಿಲ್ಲ. ಆಗ ಗೊತ್ತಾಯಿತು. ಮಾರನೇ ವಾರ ಯಜಮಾನ ಕರೆದು, "ನಿಮ್ಮಪ್ಪನ ಜಾಗ ಖಾಲಿ ಇದೆ, ಬಾ" ಅಂದ. ಗ್ರೀಸು ಬಂದ. ಬರದೆ ಎಲ್ಲಿಗೆ ಹೋಗುತ್ತಾನೆ?

ಈ ಎಂಜಿನ್ನನ್ನು ಅವನು ಹಸುಗೂಸಿನ ಹಾಗೆ ನೋಡಿಕೊಂಡಿದ್ದ. ಬಿಚ್ಚಿದ ಬಿಡಿಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿ, ಬ್ರಷ್ಷು ತೂರದ ಕಡೆ ಉಗುರು ತೂರಿಸಿ ಕೆರೆದಿದ್ದ. ಉಗುರಿನ ಸಂದಿಯ ಚರ್ಮ ಸುಲಿದು ಬಿಳಿಚಿಕೊಂಡಿತ್ತು. ವಾಲ್ವುಗಳನ್ನು ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ತಿರುಗಿಸಿ ತಿರುಗಿಸಿ ಅರೆದಿದ್ದ. ಬೊಬ್ಬೆ ಎದ್ದು, ಒಡೆದು, ಒಡೆದ ಜಾಗಕ್ಕೆ ಅರೆಯುವ ಮುಲಾಮು ಹೊಕ್ಕು ಉರಿದರೂ ಬಿಟ್ಟಿರಲಿಲ್ಲ. ಗಾಳಿ ಸೋರದ ಹಾಗೆ ಪಿಸ್ಟನ್ನಿಗೆ ತೊಡಿಸುವ ಹೊಸ ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗೆ ಇಳಿಸಿ ಸಂದು ನೋಡಿ, ಬಾಯಿಗಳು ಒಂದೇ ಸಾಲಿಗೆ ಬರದ ಹಾಗೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಕೂರಿಸಿದ್ದ. ಹಳೆಯ ರಿಂಗುಗಳನ್ನು ತಂತಿಗೆ ಪೋಣಿಸಿ ಯಜಮಾನನ ಮೇಜಿನ ಮೇಲೆ ಇಟ್ಟಿದ್ದ. ಗಿರಾಕಿಗೆ ಹಳೆಯ ಸಾಮಾನು ತೋರಿಸುವುದು ಸಾಲಿನ ಪದ್ಧತಿ.

ಕಾರು ಹೊರಡುವ ದಿನ ಭಾಮೈದ ಅದರೊಳಗೆ ಹೊಸ ಮ್ಯಾಟು ಹಾಸಿದ್ದ. ದಪ್ಪ, ಮೆತ್ತನೆಯ ಮ್ಯಾಟು, ಗ್ಯಾರೇಜಿನ ಉಡುಗೊರೆ. ಅದೊಂದೇ ಕೆಲಸ ಅವನು ಆ ಕಾರಿಗೆ ಮಾಡಿದ್ದು.

ಎರಡು ದಿನಕ್ಕೆ ಕಂಟ್ರಾಕ್ಟರನ ಫೋನು. "ಪಿಕಪ್ಪೇ ಇಲ್ಲ. ಏರು ಬಂದ್ರೆ ಗಬ್ಬದ ಹಸು ನಡೆದ ಹಾಗೆ ನಡೀತಿದೆ. ಏನ್ರೀ ರಿಪೇರಿ ಮಾಡಿದ್ದು ನೀವು?" ಹೊಸ ಎಂಜಿನ್ನು, ಸ್ವಲ್ಪ ದಿನ ಬಿಗಿ ಇರುತ್ತದೆ, ಪೆಡಲೂ ಬಿಗಿ ಅನಿಸುತ್ತದೆ ಎಂದು ಭಾಮೈದ ಸಮಾಧಾನ ಹೇಳಿದ್ದ. ಕಂಟ್ರಾಕ್ಟರ್ ಸಮಾಧಾನವಾಗದೆ ಇವತ್ತು ಬೆಳಿಗ್ಗೆ ಬಂದೇಬಿಟ್ಟ.

ಬೆಳಿಗ್ಗೆ ಗ್ರೀಸು ಮನೆ ಬಿಡುವಾಗ ಹೆಂಡತಿ ಹೇಳಿ ಕಳಿಸಿದ್ದಳು. ಫೋನಿನ ಸುದ್ದಿ ಅವಳಿಗೂ ಮುಟ್ಟಿತ್ತು. ಗ್ಯಾರೇಜಿನ ಪಕ್ಕ ಕಾರಿನ ನಗ್ಗು ತೆಗೆಯುವ ಟಿಂಕರಿಂಗ್ ಶಾಪಿನಲ್ಲಿ ಕೆಲಸ ಮಾಡುವ ಗ್ರೀಸಿನ ತಮ್ಮನೇ ಹೇಳಿದ್ದ.

"ಏನಂದ್ರೂ ಅನ್ಲಿ, ತಲೆ ತಗ್ಸಿ ಕೇಳ್ಕೊಂಡು ಬನ್ನಿ. ಬಡವನ ಕೋಪ ದವಡೆಗೆ ಮೂಲ. ನೀವೊಬ್ರು ಮಾತಾಡಿದ್ರೆ ಮೈದುನನ ಕೆಲಸಾನೂ ಹೋಗುತ್ತೆ."

"ನಾನೇನು ಮಾತಾಡ್ತೀನೇ? ಇಷ್ಟು ವರ್ಷದಲ್ಲಿ ಮಾತಾಡಿದ್ದು ನೋಡಿದ್ದೀಯಾ?"

"ಇಲ್ಲ. ಅದಕ್ಕೇ ಹೆದರಿಕೆ," ಅಂದಿದ್ದಳು ಅವಳು.

ಈಗ ಗೇಜಿನ ಮುಳ್ಳು ಅರ್ಧ ದಾರಿಯಲ್ಲೇ ನಿಂತಿದ್ದುದನ್ನು ನೋಡುತ್ತಾ ಗ್ರೀಸಿಗೆ ಮೊದಲು ಬಂದ ಅನುಮಾನ ತನ್ನ ಮೇಲೆಯೇ. ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲವೇ? ಟೈಮಿಂಗ್ ಚಕ್ರ ಒಂದು ಹಲ್ಲು ತಪ್ಪಿತೇ? ಮೇಲಿನ ಮುಚ್ಚಳ ತೆಗೆದು ಸಂದು ನೋಡಿದ. ಗುರುತುಗಳನ್ನು ಕೂಡಿಸಿ ನೋಡಿದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬ್ಯಾಟರಿ ಚೆನ್ನಾಗಿತ್ತು, ಸ್ಟಾರ್ಟರ್ ಗಿರ್ರನೆ ತಿರುಗಿಸುತ್ತಿತ್ತು.

"ಎಣ್ಣೆ ಬಿಟ್ಟು ನೋಡು," ಯಜಮಾನ ಎದ್ದು ಬಂದ.

ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಗೇಜು ಕೂರಿಸಿದ. ಎಣ್ಣೆ ರಿಂಗಿನ ಸಂದು ಮುಚ್ಚುತ್ತದೆ. ಮುಳ್ಳು ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಗ್ಯಾರೇಜು ಸಾಲಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಪರೀಕ್ಷೆ. ಭಾಮೈದ ಒಳಗಿನಿಂದ ಕೀಲಿ ತಿರುಗಿಸಿದ. ಮುಳ್ಳು ಸ್ವಲ್ಪ ಏರಿತು.

"ರಿಂಗು!" ಯಜಮಾನ ಕೂಗಿದ. ಗೆದ್ದವನ ಹಾಗೆ ಕೂಗಿದ. "ಸಾರ್, ಬನ್ನಿ, ನೋಡಿ. ರಿಂಗು ಹೋಗಿದೆ."

"ಹೊಸ ರಿಂಗು ಹೇಗ್ರೀ ಹೋಗುತ್ತೆ?"

ಯಜಮಾನ ತಿರುಗಿ ಗ್ರೀಸಿನ ಮುಖ ನೋಡಿದ. ಆ ನೋಟದಲ್ಲೇ ಎಲ್ಲ ತೀರ್ಮಾನವಾಗಿತ್ತು. "ಏನೋ? ಹೊಸಾದು ಹಾಕಿದ್ಯೋ, ಹಳೇದನ್ನೇ ತೊಳೆದು ಹಾಕಿ ಹೊಸಾದನ್ನ ಮಾರ್ಕೊಂಡ್ಯೋ?"

"ಯಜಮಾನ್ರೇ, ನಿಮ್ಮ ಮುಂದೇನೇ ಪ್ಯಾಕೆಟ್ ಒಡೆದೆ. ಹಳೇ ರಿಂಗು ತಂತಿಗೆ ಪೋಣ್ಸಿ ನಿಮ್ಮ ಮೇಜಿನ ಮೇಲೆ ಇಟ್ಟಿದ್ದೆ."

"ನನ್ನ ಮೇಜಿನ ಮೇಲೆ? ಎಲ್ಲಿದೆ ತೋರ್ಸು."

ಇರಲಿಲ್ಲ. ಗುಜರಿಯವನು ಬಂದು ಹೋಗಿದ್ದ. ಅವನಿಗೆ ತೂಗಿ ಕೊಟ್ಟದ್ದು ಯಜಮಾನನೇ. ಅದು ಯಜಮಾನನಿಗೂ ಗೊತ್ತು, ಗ್ರೀಸಿಗೂ ಗೊತ್ತು. ಯಜಮಾನ ಕಣ್ಣು ಮಿಟುಕಿಸಲಿಲ್ಲ.

ಗ್ರೀಸಿನ ಕಿವಿ ಕಾಯತೊಡಗಿತು. ಕೈ ಮಾತ್ರ ಕೆಲಸ ಬಿಡಲಿಲ್ಲ. ಎಣ್ಣೆ ಬಿಟ್ಟಾಗ ಎಲ್ಲ ಎಂಜಿನ್ನಿನಲ್ಲೂ ಮುಳ್ಳು ಒಂದಿಷ್ಟು ಏರುತ್ತದೆ, ಅದು ಸಾಕ್ಷಿಯಲ್ಲ. ನಾಲ್ಕೂ ಒಂದೇ ಸಮ ಕಡಿಮೆ ಇದ್ದರೆ ನಾಲ್ಕಕ್ಕೂ ಒಂದೇ ಕಾರಣ ಇರಬೇಕು. ಅದುಮುವುದಕ್ಕೆ ಗಾಳಿಯೇ ಬರದಿದ್ದರೆ ಪಿಸ್ಟನ್ನು ಏನನ್ನು ಅದುಮೀತು? ಅವನು ಗಾಳಿ ಬರುವ ದಪ್ಪ ಕೊಳವೆ ಕಳಚಿದ. ಒಳಗೆ ಎಂಜಿನ್ನಿನ ಬಾಯಿಗೆ ಅಡ್ಡಲಾಗಿ ಒಂದು ತಗಡು ಇರುತ್ತದೆ. ಎಕ್ಸಲೇಟರ್ ತುಳಿದಷ್ಟೂ ತೆರೆದುಕೊಳ್ಳುವ ತಗಡು.

"ಸಣ್ಣ ಯಜಮಾನ್ರೇ, ಫುಲ್ ತುಳೀರಿ."

"ತುಳಿದಿದ್ದೀನಲ್ಲೋ."

ತಗಡು ಉಗುರಿನ ಅಂಚಿನಷ್ಟು ಬಾಯಿಬಿಟ್ಟು ಅಲ್ಲೇ ನಿಂತಿತ್ತು.

"ಇನ್ನೂ ತುಳೀರಿ."

"ನೆಲಕ್ಕೆ ತಾಗಿದೆ ಕಣೋ! ಇನ್ನೇನು ಪಾತಾಳಕ್ಕೆ ತುಳೀಲಾ?"

ಗ್ರೀಸಿಗೆ ತಿಳಿಯಿತು. ಎಂಜಿನ್ನಿಗೆ ಏನೂ ಆಗಿಲ್ಲ. ತನ್ನ ಕೈ ತಪ್ಪಿಲ್ಲ. "ಯಜಮಾನ್ರೇ, ಎಂಜಿನ್ ಸರಿ ಇದೆ. ಪೆಡಲಿಗೆ ಏನೋ ಅಡ್ಡ ಬರ್ತಿದೆ. ಒಳಗೆ ನೋಡಿಸಿ."

ಭಾಮೈದ ಬಾಗಿಲಿನಿಂದ ತಲೆ ಹೊರಗೆ ಹಾಕಿ ನಕ್ಕ. "ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ. ಒಳಗೆ ಏನೂ ಇಲ್ಲ ಬಾವ, ಬೇಕಾದ್ರೆ ನೀವೇ ನೋಡಿ." ಯಜಮಾನ ಬಗ್ಗಲಿಲ್ಲ. ಹೆಂಡತಿಯ ತಮ್ಮ ಇಲ್ಲ ಅಂದಮೇಲೆ ಇಲ್ಲ.

ಗ್ರೀಸು ಬೆರಳಿನಿಂದ ತಗಡನ್ನು ಪೂರ್ತಿ ತಳ್ಳಿ ಹಿಡಿದುಕೊಂಡ. "ಈಗ ಕೀಲಿ ತಿರುಗ್ಸಿ." ಮುಳ್ಳು ಚಂಗನೆ ಹಾರಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. "ನೋಡಿ ಸಾರ್!" ಅಂತ ಕಂಟ್ರಾಕ್ಟರನಿಗೆ ತೋರಿಸಿದ. 

"ಕಣ್ಕಟ್ಟು," ಅಂದ ಯಜಮಾನ. "ಕೈಯಾಡ್ಸಿ ಮುಳ್ಳು ಏರಿಸ್ತಾನೆ ಸಾರ್. ಇವರ ಕೈಚಳಕ ನಿಮಗೆ ಗೊತ್ತಿಲ್ಲ."

ಕಂಟ್ರಾಕ್ಟರ್ ಮುಳ್ಳನ್ನೂ ನೋಡಿದ, ಆ ಕೈಯನ್ನೂ ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ. "ಸರಿಯಪ್ಪಾ. ನಾನೇನು ಬಾನೆಟ್ ತೆಗೆದು ಬೆರಳಿಟ್ಕೊಂಡು ಗಾಡಿ ಓಡಿಸ್ಲಾ? ನಾನು ಕಾಲಲ್ಲಿ ಓಡಿಸೋನು." ಆಮೇಲೆ ಯಜಮಾನನ ಕಡೆ ತಿರುಗಿದ. "ನನಗೆ ಕಥೆ ಬೇಡ. ಯಾರು ಕದ್ದಿದ್ದು ಹೇಳಿ. ಇಲ್ಲಾಂದ್ರೆ ಈ ಸಾಲಿಗೆ ನನ್ನ ಒಂದು ಲಾರಿಯೂ ಬರಲ್ಲ."

ಯಜಮಾನ ಗ್ರೀಸನ್ನು ಹಳೇ ಟೈರುಗಳ ರಾಶಿಯ ಹಿಂದಕ್ಕೆ ಬರಹೇಳಿದ. ಅಲ್ಲಿ ಅವನ ಧ್ವನಿ ಬೆಣ್ಣೆಯಾಯಿತು.

"ನೋಡೋ, ಒಪ್ಕೊಂಡ್ಬಿಡು. ಹಳೇ ರಿಂಗೇ ಹಾಕಿದ್ದೆ, ತಪ್ಪಾಯ್ತು ಅನ್ನು. ಎಲ್ಲರ ಮುಂದೆ ನಾನೊಂದೆರಡು ಬೈತೀನಿ. ನೀನು ತಲೆ ತಗ್ಸು. ನಾಳೆ ಎಂದಿನ ಹಾಗೆ ಕೆಲ್ಸಕ್ಕೆ ಬಾ."

"ನಾನು ಕದ್ದಿಲ್ಲ ಯಜಮಾನ್ರೇ. ಪೆಡಲ್ ಕೆಳಗೆ..."

"ಪೆಡಲ್ ಕೆಳಗೆ ಏನಿದ್ರೂ ಅದು ನನ್ನ ಭಾಮೈದನ ತಪ್ಪಾಗುತ್ತೆ. ಅಂದ್ರೆ ನನ್ನ ತಪ್ಪಾಗುತ್ತೆ. ಅರ್ಥ ಆಯ್ತಾ? ನಿಮ್ಮೋರಿಗಾದ್ರೆ ಹೇಳಿಸ್ಕೊಂಡು ಅಭ್ಯಾಸ ಇದೆ. ನಿನಗೇನು ಹೋಗುತ್ತೆ ಹೇಳು?"

ಅಯ್ಯೋ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅದೂ ಎಮ್ಮೆಯನ್ನೇ ಕರೆದು, ಬೆನ್ನು ಸವರಿ, ಬರೆ ಎಲ್ಲಿ ಹಾಕಲಿ ಅಂತ ಕೇಳುತ್ತಿದ್ದ ಆ ಪುಣ್ಯಾತ್ಮ.

ಗ್ರೀಸು ಲೆಕ್ಕ ಹಾಕಿದ. ಒಪ್ಪಿದರೆ ಕಳ್ಳ. ಒಬ್ಬ ಕದ್ದರೆ ಮೋರಿಯಾಚೆಯವರೆಲ್ಲ ಕಳ್ಳರು. ತಮ್ಮನೂ ದಿನಾ ಸಂಜೆ ಕೈ ತೋರಿಸಿ, ಜೇಬು ತೋರಿಸಿ ಮನೆಗೆ ಹೋಗಬೇಕು. ಒಪ್ಪದಿದ್ದರೆ ಕೆಲಸವಿಲ್ಲ, ಇವನು ಹೊರಹಾಕಿದವನನ್ನು ಸಾಲಿನಲ್ಲಿ ಇನ್ನೊಬ್ಬ ಸೇರಿಸುವುದಿಲ್ಲ. ಮುಂದೆ ಹೋದರೆ ಬಾವಿ, ಹಿಂದೆ ಬಂದರೆ ಕೆರೆ. ನಿಜವೋ, ಕಾರಿನ ಒಂದು ಬಾಗಿಲಿನ ಒಳಗೆ, ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಕುಳಿತಿತ್ತು. ಇಷ್ಟು ಎಂಜಿನ್ನು ಕಟ್ಟಿದ್ದ ಅವನು ಎಕ್ಸಲೇಟರ್ ಪೆಡಲನ್ನು ಮೇಲಿನಿಂದ ಒಮ್ಮೆಯೂ ನೋಡಿರಲಿಲ್ಲ. ತಗಡಿಗೂ ಪೆಡಲಿಗೂ ನಡುವಿನ ಕೇಬಲ್ಲಿನ ಈ ತುದಿ ಅವನದು, ಆ ತುದಿ ಅವರದು.

"ಬಾ, ಹೇಳು ಬಾ," ಯಜಮಾನ ಮುಂದೆ ನಡೆದ.

ಅಷ್ಟರಲ್ಲಿ ಅಕ್ಕಪಕ್ಕದ ಶಾಪುಗಳಿಂದ ಜನ ಬಂದು ನಿಂತಿದ್ದರು. ತಮ್ಮನೂ ಬಂದಿದ್ದ. ಗುಂಪಿನ ಹಿಂದೆ ನಿಂತು ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತಿದ್ದ. ಯಾವುದು ಬೇಡ, ಒಪ್ಪುವುದೋ ಒಪ್ಪದಿರುವುದೋ, ಗೊತ್ತಾಗಲಿಲ್ಲ. ಭಾಮೈದ ಕಾರಿನಿಂದ ಇಳಿದು ಬಂದು ಕಂಟ್ರಾಕ್ಟರನ ಪಕ್ಕ ನಿಂತ. ಬಾಗಿಲು ತೆರೆದೇ ಇತ್ತು.

"ಹೇಳೋ. ಸಾರ್‌ಗೆ ಹೇಳು, ಏನು ಮಾಡ್ದೆ ಅಂತ."

ಗ್ರೀಸು ಬಾಯಿ ತೆರೆದ. ತಪ್ಪಾಯ್ತು ಅನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನಿಜ ಹೇಳುತ್ತೇನೆ, ಬಂದಿತ್ತು. ಹೆಂಡತಿಯ ಮುಖ ಕಂಡಿತು. ಅಷ್ಟರಲ್ಲಿ ಅವನ ಕಣ್ಣು ಗೋಡೆಗೆ ಒರಗಿಸಿಟ್ಟಿದ್ದ ತಳ್ಳುಗಾಡಿಯ ಮೇಲೆ ಬಿತ್ತು. ಅದೇ ತಳ್ಳುಗಾಡಿ. ಈಗಲೂ ಅದರಲ್ಲಿ ಟೈರು ಸಾಗಿಸುತ್ತಾರೆ.

ಅವನು ನಡೆದ. ಕಾರಿನ ಸುತ್ತ ಬಂದು ತೆರೆದ ಬಾಗಿಲಿನಿಂದ ಒಳಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತ.

 ಸೀಟು ಅವನ ಭಾರಕ್ಕೆ ಉಸ್ಸೆಂದು ತಗ್ಗಿತು. ಬೆನ್ನಿಗೆ ಮೆತ್ತಗೆ ಏನೋ ತಾಗಿತು. ಅಷ್ಟು ಮೆತ್ತಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕಾಲು ಇಟ್ಟು ಎಕ್ಸಲೇಟರ್ ಒತ್ತಿದ. ತುಸು ಹೋಗಿ ಗಟ್ಟಿ ನಿಂತಿತು. ಬಗ್ಗಿ ಕೈ ಹಾಕಿದ. ಹೊಸ ದಪ್ಪ ಮ್ಯಾಟು. ಅದರ ಕೆಳಗೆ ಹಳೆಯ ಮ್ಯಾಟು, ತೆಗೆಯುವ ಸೋಮಾರಿತನಕ್ಕೆ ಅಲ್ಲೇ ಬಿಟ್ಟದ್ದು, ಜಾರಿ ಮುಂದೆ ಹೋಗಿ ಮಡಚಿಕೊಂಡು ಪೆಡಲಿನ ಅಡಿಗೆ ಸೇರಿ ಕುಳಿತಿತ್ತು. ಎರಡನ್ನೂ ಕಿತ್ತ. ಕಿತ್ತು ಯಜಮಾನನ ಕಾಲ ಬುಡಕ್ಕೆ ಎಸೆದ. ನೆಲಕ್ಕೇ ಹಾಕಿದ, ಕೈಗೆ ಕೊಡಲಿಲ್ಲ.

"ಸಾರ್, ಮುಳ್ಳು ನೋಡಿ," ಅಂದ. ಪೆಡಲನ್ನು ಕೊನೆಯವರೆಗೂ ತುಳಿದು ಕೀಲಿ ತಿರುಗಿಸಿದ.

ಎಂಜಿನ್ನು ಧಪ್ ಧಪ್ ಎಂದು ಗಾಳಿ ಅದುಮಿತು. ಅವನು ಕೂತಲ್ಲಿಗೆ ಗೇಜು ಕಾಣುತ್ತಿರಲಿಲ್ಲ. ಎದ್ದು ನಿಂತಿದ್ದ ಬಾನೆಟ್ಟು ಅಡ್ಡ ಇತ್ತು. ಅದರ ಆಚೆಯಿಂದ ಕಂಟ್ರಾಕ್ಟರನ ಧ್ವನಿ ಬಂತು.

"ಏರ್ತಿದೆ... ಏರ್ತಿದೆ ಕಣ್ರೀ. ಪೂರ್ತಿ ಏರ್ತು."

ಮುಗಿಯಿತಲ್ಲ? ಕಳ್ಳನಲ್ಲ ಅಂತಾಯಿತಲ್ಲ? ನೀವೂ ಹಾಗೇ ಅಂದುಕೊಂಡಿರಿ. ಗ್ರೀಸೂ ಒಂದು ಕ್ಷಣ ಹಾಗೇ ಅಂದುಕೊಂಡ.

ಕಂಟ್ರಾಕ್ಟರ್ ಬಾಗಿಲ ಬಳಿ ಬಂದ. ಮುಖದಲ್ಲಿ ಸಮಾಧಾನ ಇತ್ತು. ಎಂಜಿನ್ನಿನ ಬಗ್ಗೆ. ಗ್ರೀಸನ್ನು ನೋಡುತ್ತಿದ್ದಂತೆ ಮೂಗು ಸೊಟ್ಟಗಾಯಿತು. "ಸರಿ, ಇಳಿ," ಅಂದ. ಯಜಮಾನನಿಗೆ ಹೇಳಿದ, "ಸೀಟು ಪೂರ್ತಿ ಬದಲಾಯಿಸಿ ಕೊಡಿ. ಬರೀ ತೊಳೆದ್ರೆ ಆಗಲ್ಲ."

"ಖಂಡಿತ ಸಾರ್, ಹೊಸಾದೇ ಹಾಕಿಸ್ತೀನಿ." ಯಜಮಾನ ಹಲ್ಲು ಕಚ್ಚಿಕೊಂಡು ಇತ್ತ ತಿರುಗಿದ. "ಇಳಿಯೋ. ಎಷ್ಟೋ ಸೊಕ್ಕು ನಿಂಗೆ? ನಾಳೆಯಿಂದ ಈ ಕಡೆ ಮುಖ ಹಾಕ್ಬೇಡ."

ಇಷ್ಟು ಹೊತ್ತು ಕದ್ದದ್ದು ತಪ್ಪಾಗಿತ್ತು, ಅವನು ಕದ್ದಿರಲಿಲ್ಲ. ಈಗ ಕೂತದ್ದು ತಪ್ಪಾಯಿತು. ಮ್ಯಾಟುಗಳನ್ನು ಯಾರೂ ನೋಡಲಿಲ್ಲ. ಭಾಮೈದ ಅವುಗಳನ್ನು ಕಾಲಿನಿಂದ ಮೆಲ್ಲಗೆ ಟೈರಿನ ಹಿಂದಕ್ಕೆ ಸರಿಸುತ್ತಿದ್ದ.

"ಇಳಿಯಲ್ಲ," ಅಂದ ಗ್ರೀಸು.

"ಏನಂದೆ?"

"ಇಳಿಯಲ್ಲ ಅಂದೆ. ರಿಂಗು ಹೊಸಾದೇ ಹಾಕಿದ್ದ, ಕಳ್ಳ ಅಲ್ಲ ಅಂತ ಹೇಳಿ. ಇಲ್ಲಿ ನಿಂತಿದ್ದಾರಲ್ಲ, ಎಲ್ಲರಿಗೂ ಕೇಳೋ ಹಾಗೆ ಹೇಳಿ. ಅಲ್ಲೀವರೆಗೂ ಇಳಿಯಲ್ಲ."

"ಎಳೆದು ಹಾಕೋ ಇವನ್ನ!" ಯಜಮಾನ ಭಾಮೈದನಿಗೆ ಕೂಗಿದ.

ಭಾಮೈದ ತೋಳೇರಿಸಿಕೊಂಡು ನುಗ್ಗಿದ. ಬಾಗಿಲ ಬಳಿ ಬಂದು ಕೈ ಚಾಚಿದ. ಗ್ರೀಸಿನ ರಟ್ಟೆಗೆ ಒಂದು ಗೇಣು ಇದೆ ಅನ್ನುವಾಗ ಕೈ ನಿಂತುಬಿಟ್ಟಿತು. ಬೆರಳುಗಳು ಗಾಳಿಯಲ್ಲಿ ಒಂದು ಸಲ ಮಡಚಿ ಬಿಚ್ಚಿಕೊಂಡವು. ಅವನು ಬಾವನ ಮುಖ ನೋಡಿದ.

"ನೋಡ್ತಾ ನಿಂತ್ಯಲ್ಲೋ! ಎಳಿಯೋ!"

"ನೀವೇ ಎಳೀರಿ ಬಾವ."

ಯಜಮಾನ ಮುಂದೆ ಬಂದ. ಅವನ ಕೈಯೂ ಅಲ್ಲಿಯವರೆಗೇ ಬಂತು. ಸುತ್ತ ಜನ ನೋಡುತ್ತಿದ್ದರು, ಕಂಟ್ರಾಕ್ಟರ್ ನೋಡುತ್ತಿದ್ದ. ಕೈ ಹಿಂದಕ್ಕೆ ಹೋಯಿತು. ಭಾಮೈದ ವೀಲ್ ಪಾನಾ ಎತ್ತಿಕೊಂಡ. "ನನ್ನ ಗಾಡಿ ರೀ! ಒಂದು ಗೀರು ಬಿದ್ರೆ ನೋಡಿ!" ಕಂಟ್ರಾಕ್ಟರ್ ಚೀರಿದ. ಪಾನಾ ಕೆಳಗಿಳಿಯಿತು. ಗುಂಪಿನ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಮ್ಮನ ಧ್ವನಿಯ ಹಾಗಿತ್ತು.

  ಕಾರು ಓಡಿಸಲು ಗ್ರೀಸಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಅದು ಓಡುವಂತಿರಲಿಲ್ಲ, ಪ್ಲಗ್ಗುಗಳನ್ನೆಲ್ಲ ಅವನೇ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ. ಎದುರಿಗೆ ಬಾನೆಟ್ಟು ಗೋಡೆಯ ಹಾಗೆ ನಿಂತಿತ್ತು. ಇಳಿದರೆ ಬೀದಿ. ಇಳಿಯದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಪೊಲೀಸರು. ಅವರಿಗೆ ಮುಟ್ಟದೆ ಹೊಡೆಯಲು ಲಾಠಿ ಇದೆ. ಮನೆಯಲ್ಲಿ ಹೆಂಡತಿ ದಾರಿ ಕಾಯುತ್ತಿರುತ್ತಾಳೆ. ಎಲ್ಲ ಗೊತ್ತಿತ್ತು ಅವನಿಗೆ. ಗೊತ್ತಿದ್ದೂ ಅವನು ಗ್ರೀಸು ಮೆತ್ತಿದ ಎರಡೂ ಕೈಗಳನ್ನು ಸ್ಟೀರಿಂಗಿನ ಮೇಲೆ ಇಟ್ಟು ಬಿಗಿಯಾಗಿ ಹಿಡಿದ. ತಲೆಯನ್ನು ಸೀಟಿಗೆ ಒರಗಿಸಿದ. ಅಪ್ಪ ಒರಗಬೇಕಾಗಿದ್ದ ಜಾಗ.

"ಬನ್ನಿ," ಅಂದ ಅವನು, ತೆರೆದ ಬಾಗಿಲಿನ ಆಚೆ ನಿಂತ ಎಲ್ಲರಿಗೂ. "ಯಾರಾದ್ರೂ ಬನ್ನಿ. ಮುಟ್ಟಿ ಇಳಿಸಿ."

ಯಾರೂ ಬರಲಿಲ್ಲ.